ಮೊಡವೆಯ ಗುಳಿಗಳಿಗೆ ಫಿಲ್ಲರ್: ಹಣ ಕಟ್ಟುವ ಮುಂಚೆ ತಿಳಿದಿರಬೇಕಾದ್ದು

ಪ್ರಶ್ನೆ: ನನಗೆ 31 ವರ್ಷ. ತುಮಕೂರಿನಲ್ಲಿ ಉಪನ್ಯಾಸಕ. ಹೈಸ್ಕೂಲಿನಲ್ಲಿ ಶುರುವಾದ ಮೊಡವೆ 25ರ ಹೊತ್ತಿಗೆ ನಿಂತಿತು. ಆದರೆ ಎರಡೂ ಕೆನ್ನೆಗಳಲ್ಲಿ ಗುಳಿಗಳು ಉಳಿದಿವೆ. ಕ್ಲಾಸಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ನಿಂತರೆ ಇನ್ನೂ ಎದ್ದು ಕಾಣುತ್ತವೆ. ಹುಬ್ಬುಗಳ ನಡುವೆ, ಬೈಕಿನಿಂದ ಬಿದ್ದಾಗ ಆದ ಒಂದು ತಗ್ಗಾದ ಗಾಯದ ಗುರುತಿದೆ. ಎದೆಯ ಮೇಲೆ ಮೊಡವೆ ವಾಸಿಯಾದ ಜಾಗದಲ್ಲಿ ದಪ್ಪಗೆ ಗಂಟು ಬೆಳೆದಿದೆ, ಆಗಾಗ ಕೆರೆಯುತ್ತದೆ. ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಮೂರು ಸಿರಿಂಜ್ ಫಿಲ್ಲರ್ (ತಗ್ಗು ತುಂಬಲು ಚರ್ಮದಡಿ ಚುಚ್ಚುವ ಜೆಲ್‌ನಂಥ ವಸ್ತು) ಬೇಕು, 90,000 ರೂಪಾಯಿ ಆಗುತ್ತದೆ, ಹುಬ್ಬಿನ ನಡುವಿನದ್ದನ್ನೂ ಅದರಲ್ಲೇ ತುಂಬಿಕೊಡುತ್ತೇವೆ ಎಂದರು. ಬಡ್ಡಿ ಇಲ್ಲದ ಇಎಂಐ ಇದೆಯಂತೆ. ಜೀವನಪೂರ್ತಿ ಉಳಿಯುವ ಫಿಲ್ಲರ್ ಬಗ್ಗೆಯೂ ಹೇಳಿದರು. ನಮ್ಮೂರಿನ ಪಾರ್ಲರ್ ಒಂದರಲ್ಲಿ ಸೂಜಿಯೇ ಇಲ್ಲದ ಪೆನ್‌ನಿಂದ 8,000ಕ್ಕೆ ಮಾಡುತ್ತಾರೆ. ಫಿಲ್ಲರ್ ಹಾಕಿಸಿಕೊಂಡರೆ ಕಣ್ಣು ಹೋಗುತ್ತದೆ ಎಂದು ಗೆಳೆಯ ಹೆದರಿಸುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಉಳಿದ ವಿಷಯ ಆಮೇಲೆ ಮಾತಾಡೋಣ. ಮೊದಲು ಇದನ್ನು ಕೇಳಿ. ಹುಬ್ಬುಗಳ ನಡುವಿನ ಆ ಗುರುತಿಗೆ ಫಿಲ್ಲರ್ ಹಾಕಿಸಿಕೊಳ್ಳಬೇಡಿ. ಯಾರು ಎಷ್ಟು ಕಡಿಮೆಗೆ ಮಾಡಿಕೊಡುತ್ತೇವೆ ಎಂದರೂ, ಪುಕ್ಕಟೆ ಎಂದರೂ ಬೇಡ.

ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಆದರೆ ಅವರು ಹೇಳಿದ್ದು ಅರ್ಧ ಮಾತ್ರ. ಹುಬ್ಬುಗಳ ನಡುವೆ, ಮೂಗಿನ ಮೇಲೆ, ಹಣೆಯಲ್ಲಿ ಹರಿಯುವ ಸಣ್ಣ ರಕ್ತನಾಳಗಳು ಕಣ್ಣಿಗೆ ರಕ್ತ ಕೊಡುವ ನಾಳದ ಕವಲುಗಳು. ಸೂಜಿಯ ತುದಿ ಗೊತ್ತಿಲ್ಲದೆ ಅಂಥ ನಾಳದ ಒಳಗೆ ಹೋಗಿ, ಜೆಲ್ಲನ್ನು ಒತ್ತಡದಿಂದ ಒತ್ತಿದರೆ ಅದು ರಕ್ತ ಹರಿಯುವ ದಿಕ್ಕಿಗೆ ಎದುರಾಗಿ ಹಿಂದಕ್ಕೆ ಸರಿಯುತ್ತದೆ. ಒತ್ತುವುದನ್ನು ನಿಲ್ಲಿಸಿದಾಗ ರಕ್ತ ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಈ ಸಲ ಅದು ಕಣ್ಣಿನೊಳಗೆ ಬೆಳಕು ಗ್ರಹಿಸುವ ಪದರವಾದ ರೆಟಿನಾಗೆ ಹೋಗುವ ನಾಳ ಸೇರಬಹುದು. ರೆಟಿನಾ ರಕ್ತವಿಲ್ಲದೆ ಬಹಳ ಹೊತ್ತು ಬದುಕುವುದಿಲ್ಲ. ಅಲ್ಲಿ ಲೆಕ್ಕ ನಿಮಿಷಗಳದ್ದು. ಒಂದೂವರೆ ಗಂಟೆ ದಾಟಿದರೆ ದೃಷ್ಟಿ ಮರಳುವ ಆಸೆ ತೀರಾ ಕಡಿಮೆ.

ಇಂಥ ಘಟನೆಗಳನ್ನು ಜಗತ್ತಿನ ವೈದ್ಯಕೀಯ ಪತ್ರಿಕೆಗಳಿಂದ ಒಟ್ಟುಮಾಡಿದ ಒಂದು ಪರಿಶೀಲನೆ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಿಕ್ಕಿದ್ದು 98 ಪ್ರಕರಣ. ಅವುಗಳಲ್ಲಿ ಸುಮಾರು ನೂರಕ್ಕೆ 39 ಹುಬ್ಬುಗಳ ನಡುವಿನ ಜಾಗದಲ್ಲಿ ಚುಚ್ಚಿದ್ದರಿಂದ ಆದವು. ಮೂಗಿನ ಭಾಗದ್ದು ಸುಮಾರು ನೂರಕ್ಕೆ 25. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಎಚ್ಚರಿಕೆ ಕೊಟ್ಟಿತು: ಫಿಲ್ಲರ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣು ಹೋಗಬಹುದು, ಪಾರ್ಶ್ವವಾಯು ಕೂಡ ಆಗಬಹುದು ಎಂದು.

ನಿಮ್ಮದು ಇನ್ನೂ ಒಂದು ಹೆಜ್ಜೆ ಕಷ್ಟದ ಸ್ಥಿತಿ. ಅಲ್ಲಿ ಮೊದಲೇ ಪೆಟ್ಟು ಬಿದ್ದಿದೆ. ಸಾಮಾನ್ಯ ಚರ್ಮದಲ್ಲಿ ಸೂಜಿ ತಾಗಿದರೆ ರಕ್ತನಾಳ ಸ್ವಲ್ಪ ಪಕ್ಕಕ್ಕೆ ಜಾರುತ್ತದೆ. ಗಾಯ ಮಾಗಿದ ಜಾಗದಲ್ಲಿ ನಾಳಗಳು ಗಟ್ಟಿ ನಾರಿಗೆ ಅಂಟಿಕೊಂಡಿರುತ್ತವೆ, ಜಾರಲು ಆಗುವುದಿಲ್ಲ. ಅವು ಇರಬೇಕಾದ ಕಡೆಯೇ ಇರುತ್ತವೆ ಎನ್ನುವ ಭರವಸೆಯೂ ಇಲ್ಲ. ನಾರು ಗಟ್ಟಿ ಇದ್ದಷ್ಟೂ ಜಾಸ್ತಿ ಒತ್ತಬೇಕಾಗುತ್ತದೆ. ಅಪಾಯದ ಕಾರಣಗಳೆಲ್ಲ ಒಂದೇ ಕಡೆ ಸೇರಿವೆ ಎಂದು ತಿಳಿಯಿರಿ. ಆ ಮೂರು ಸಿರಿಂಜ್‌ನಲ್ಲೇ ಅದನ್ನೂ ತುಂಬಿಕೊಡುತ್ತೇವೆ ಎನ್ನುವ ಮಾತು ಕೇಳಿದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಆ ಗುರುತಿಗೆ ಬೇರೆ ದಾರಿಗಳಿವೆ. ಚುಕ್ಕೆ ಚುಕ್ಕೆಯಾಗಿ ಚರ್ಮಕ್ಕೆ ಬೀಳುವ ಫ್ರಾಕ್ಷನಲ್ ಲೇಸರ್‌ನಿಂದ ಅಂಚುಗಳನ್ನು ಸಮ ಮಾಡಬಹುದು. ಇಲ್ಲವೇ ಪ್ಲಾಸ್ಟಿಕ್ ಸರ್ಜನ್ ಹಳೆಯ ಗುರುತನ್ನು ಕತ್ತರಿಸಿ ತೆಗೆದು, ಹುಬ್ಬು ಗಂಟಿಕ್ಕಿದಾಗ ಬೀಳುವ ಗೆರೆಗೆ ಹೊಂದುವಂತೆ ನವಿರಾಗಿ ಹೊಲಿಯಬಹುದು. ಎದೆಯ ಮೇಲಿನ ಗಂಟಿನ ವಿಷಯ ಮಾತ್ರ ಅವರಿಗೆ ಮೊದಲೇ ಹೇಳಿ, ಏಕೆ ಎಂದು ಮುಂದೆ ತಿಳಿಸುತ್ತೇನೆ.

ಈಗ ಗೆಳೆಯರು ಹೇಳದೆ ಬಿಟ್ಟ ಅರ್ಧ. ಒಟ್ಟಾರೆ ಲೆಕ್ಕದಲ್ಲಿ ರಕ್ತನಾಳ ಕಟ್ಟುವುದು ಅಪರೂಪ. ಅಮೆರಿಕದ 370 ಚರ್ಮ ತಜ್ಞರು ಹಾಕಿದ ಸುಮಾರು 17 ಲಕ್ಷ ಸಿರಿಂಜ್‌ಗಳ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಸೂಜಿಯಿಂದ ಹಾಕಿದಾಗ ಸುಮಾರು 6,400 ಸಿರಿಂಜ್‌ಗೆ ಒಂದು ಸಲ, ತುದಿ ಮೊಂಡಾದ, ಕ್ಯಾನುಲಾ ಎಂಬ ಸಣ್ಣ ಕೊಳವೆಯಿಂದ ಹಾಕಿದಾಗ ಸುಮಾರು 40,000ಕ್ಕೆ ಒಂದು ಸಲ ನಾಳ ಕಟ್ಟಿತ್ತು. ಅದರಲ್ಲೂ ಕಣ್ಣಿನವರೆಗೆ ಹೋಗುವುದು ಇನ್ನೂ ಕಡಿಮೆ. ಆದರೆ ಇದು ತರಬೇತಿ ಪಡೆದ ಚರ್ಮ ತಜ್ಞರ ಕೈಯ ಲೆಕ್ಕ. ನಾಲ್ಕು ದಿನದ ಕೋರ್ಸ್ ಮಾಡಿ ಬಂದವರ ಕೈಯ ಲೆಕ್ಕ ಯಾರೂ ಇಟ್ಟಿಲ್ಲ.

ಹಾಗಾಗಿ ಕೆನ್ನೆಗೆ ಫಿಲ್ಲರ್ ಹಾಕಿಸಿಕೊಳ್ಳುವುದು ಯೋಚಿಸಬಹುದಾದ ವಿಷಯವೇ. ಆದರೆ ನಿಮ್ಮ ಗುಳಿಗಳು ಫಿಲ್ಲರ್‌ಗೆ ಬಗ್ಗುವ ಜಾತಿಯವೇ ಎಂದು ಮೊದಲು ನೋಡಬೇಕು. ಮೂರು ಸಿರಿಂಜ್ ಎಂದು ಹೇಳಿದವರು ಅದನ್ನು ನೋಡಿದರೇ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಕತ್ತಲೆ ಕೋಣೆಯಲ್ಲಿ ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಅನ್ನು ಪಕ್ಕದಿಂದ, ಕಿವಿಯ ಹತ್ತಿರದಿಂದ ಹಿಡಿಯಿರಿ. ಗುಳಿಗಳ ನೆರಳು ಚೆನ್ನಾಗಿ ಕಾಣುತ್ತದೆ. ಈಗ ಎರಡು ಬೆರಳಿನಿಂದ ಆ ಜಾಗದ ಚರ್ಮವನ್ನು ಮೆಲ್ಲಗೆ ಎರಡೂ ಕಡೆಗೆ ಎಳೆಯಿರಿ. ಎಳೆದಾಗ ಗುಳಿ ಮಾಯವಾದರೆ ಅದು ಅಗಲವಾಗಿ, ಇಳಿಜಾರಾಗಿ ತಗ್ಗಿದ ಮೆದು ಗುಳಿ. ಫಿಲ್ಲರ್ ಕೆಲಸ ಮಾಡುವುದು ಮುಖ್ಯವಾಗಿ ಇಂಥದ್ದರಲ್ಲಿ. ಎಳೆದರೂ ಹಾಗೇ ಉಳಿದರೆ, ಅದರಲ್ಲೂ ದಬ್ಬಣದಿಂದ ಚುಚ್ಚಿದ ಹಾಗೆ ಕಿರಿದಾಗಿ ಆಳವಾಗಿದ್ದರೆ, ಫಿಲ್ಲರ್ ಅಲ್ಲಿ ನಿಷ್ಪ್ರಯೋಜಕ. ಸುತ್ತಲಿನ ಚರ್ಮ ಉಬ್ಬಿ ತೂತು ಇನ್ನೂ ಆಳವಾಗಿ ಕಾಣಬಹುದು. ಅಂಥದ್ದಕ್ಕೆ ಟಿಸಿಎ ಕ್ರಾಸ್ ಎಂಬ ವಿಧಾನ ಇದೆ. ತೂತಿನ ತಳಕ್ಕೆ ಮಾತ್ರ ಕಡ್ಡಿಯಿಂದ ಒಂದು ಚುಕ್ಕೆ ಗಾಢ ಆಸಿಡ್ ಮುಟ್ಟಿಸುತ್ತಾರೆ, ಮಾಗುವಾಗ ತಳ ಮೇಲೆ ಬರುತ್ತದೆ. ಈ ಆಸಿಡ್ ಆನ್‌ಲೈನ್‌ನಲ್ಲಿ ಸಿಗುತ್ತದೆ ಎಂದು ಮನೆಯಲ್ಲಿ ಪ್ರಯೋಗ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಸುಟ್ಟ ಗಾಯ ಹೊಸ ಗುಳಿಯಾಗಿ ನಿಲ್ಲುತ್ತದೆ.

ಅಂಚು ಚೂಪಾಗಿ, ತಳ ಚಪ್ಪಟೆಯಾಗಿರುವ ಮೂರನೆಯ ಜಾತಿಯೂ ಇದೆ. ಅದಕ್ಕೆ ಲೇಸರ್, ಅತಿ ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್ ಇವೆ. ತೀರಾ ಆಳವಾದ ಒಂದೆರಡನ್ನು ಕತ್ತರಿಸಿ ತೆಗೆಯುವುದೂ ಉಂಟು. ಮುಖದಲ್ಲಿ ಸಾಮಾನ್ಯವಾಗಿ ಮೂರೂ ಜಾತಿ ಬೆರೆತಿರುತ್ತವೆ. ಆದ್ದರಿಂದ ಮೊಡವೆ ಗುಳಿಗೆ ಒಂದೇ ಚಿಕಿತ್ಸೆ ಸಾಕು ಎಂದು ಯಾರಾದರೂ ಹೇಳಿದರೆ ನಾನು ಅನುಮಾನ ಪಡುತ್ತೇನೆ. ಕಪ್ಪು ಕಲೆಗಳದ್ದು ಬೇರೆಯೇ ಲೆಕ್ಕ. ಅವು ಬಣ್ಣದ ತೊಂದರೆ, ತಗ್ಗಲ್ಲ. ಸನ್‌ಸ್ಕ್ರೀನ್ ಮತ್ತು ಮುಲಾಮಿನಿಂದ ಕಡಿಮೆಯಾಗುವ ಕಲೆಗೆ ಸೂಜಿ ಬೇಡವೇ ಬೇಡ.

ಮೆದು ಗುಳಿಗಳ ಒಳಗೆ ಏನಾಗಿದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ 90,000ದ ಉತ್ತರ ಇಲ್ಲೇ ಇದೆ. ಹತ್ತಿ ಹಾಸಿಗೆ ಹೊಲಿಯುವವರು ಅಲ್ಲಲ್ಲಿ ದಾರ ಹಾಕಿ, ಕೆಳಗಿನಿಂದ ಎಳೆದು ಗಂಟು ಕಟ್ಟುತ್ತಾರಲ್ಲ, ಆ ಜಾಗ ತಗ್ಗಿ ಗುಳಿಯಾಗುತ್ತದೆ. ಚರ್ಮದಲ್ಲೂ ಹಾಗೇ. ಆಳದ ಮೊಡವೆ ಮಾಗುವಾಗ ಗಟ್ಟಿ ನಾರುಗಳು ಬೆಳೆದು ಮೇಲಿನ ಚರ್ಮವನ್ನು ಕೆಳಕ್ಕೆ ಎಳೆದು ಕಟ್ಟಿಹಾಕುತ್ತವೆ. ಹಾಸಿಗೆಗೆ ಇನ್ನಷ್ಟು ಹತ್ತಿ ತುರುಕಿದರೆ ಆ ಗುಳಿ ಹೋಗುತ್ತದೆಯೇ? ಇಲ್ಲ, ಸುತ್ತಲೂ ಉಬ್ಬುತ್ತದೆ ಅಷ್ಟೇ. ಮೊದಲು ದಾರ ಕತ್ತರಿಸಬೇಕು.

ಚರ್ಮದಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸಬ್‌ಸಿಶನ್ ಎನ್ನುತ್ತಾರೆ. 1995ರಲ್ಲಿ ಓರೆಂಟ್ರೈಕ್ ಎಂಬ ಅಮೆರಿಕದ ಚರ್ಮ ತಜ್ಞರು ಇದನ್ನು ವಿವರಿಸಿ ಬರೆದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಚರ್ಮದ ಕೆಳಗೆ ಒಂದು ವಿಶೇಷ ಸೂಜಿ ಅಥವಾ ಕ್ಯಾನುಲಾ ತೂರಿಸಿ ಅತ್ತಿಂದಿತ್ತ ಆಡಿಸಿ ನಾರುಗಳನ್ನು ಬಿಡಿಸುತ್ತಾರೆ. ನಾರು ಬಿಡುವಾಗ ಕರಕರ ಎಂದು ಸಣ್ಣ ಸದ್ದು ಕೇಳಿಸುತ್ತದೆ, ಹೆದರಬೇಡಿ. ಆಮೇಲೆ ಕೆನ್ನೆ ಊದುತ್ತದೆ, ಒಂದೆರಡು ವಾರ ನೀಲಿಗಟ್ಟಿರುತ್ತದೆ. ಒಳಗೆ ಬಿಟ್ಟ ಜಾಗದಲ್ಲಿ ಹೊಸ ಕೊಲಾಜನ್ (ಚರ್ಮಕ್ಕೆ ಬಲ ಕೊಡುವ ಪ್ರೋಟೀನ್) ಬೆಳೆಯುತ್ತದೆ. ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು, ಮೂರು, ಕೆಲವರಿಗೆ ನಾಲ್ಕು ಸಲ ಬೇಕಾಗುತ್ತದೆ. ಮೊದಲ ವಾರದ ಊತ ನೋಡಿ ಗುಳಿ ಹೋಯಿತು ಎಂದು ಹಿಗ್ಗಬೇಡಿ. ಊತ ಇಳಿದು ಎರಡು ತಿಂಗಳಾದ ಮೇಲೆ ಕಾಣುವುದೇ ನಿಜವಾದ ಫಲ.

ಫಿಲ್ಲರ್‌ಗೆ ಸರಿಯಾದ ಜಾಗ ಇಲ್ಲಿದೆ. ಬಿಡಿಸಿದ ನಾರುಗಳು ಮತ್ತೆ ಅಂಟಿಕೊಳ್ಳದ ಹಾಗೆ ನಡುವೆ ತಡೆಯಾಗಿ ನಿಲ್ಲಲು, ಇಲ್ಲವೇ ಸಬ್‌ಸಿಶನ್ ಆದಮೇಲೂ ಉಳಿದ ಒಂದಿಷ್ಟು ತಗ್ಗನ್ನು ತುಂಬಲು. ಹಾಗೆ ಬಳಸಿದಾಗ ಬೇಕಾಗುವ ಪ್ರಮಾಣವೂ ಕಡಿಮೆ. ಒಂದೊಂದು ಗುಳಿಗೆ ಹನಿಯಷ್ಟು ಸಾಕು. ಒಂದು ಸಿರಿಂಜ್ ಎಂದರೆ 1 ಎಂಎಲ್, ಟೀ ಚಮಚದ ಐದನೇ ಒಂದು ಭಾಗ. ಕಟ್ಟು ಬಿಡಿಸದೆ ನೇರವಾಗಿ ಮೂರು ಸಿರಿಂಜ್ ತುಂಬಿದರೆ ಕೆನ್ನೆ ದಪ್ಪಗಾಗಬಹುದು. ಗುಳಿ ಮಾತ್ರ ಅಲ್ಲೇ ಇರುತ್ತದೆ.

ಸಿರಿಂಜ್ ಒಳಗೆ ಏನಿದೆ ಎನ್ನುವುದು ಮುಂದಿನ ಪ್ರಶ್ನೆ. ಇದನ್ನು ನೀವು ಕೇಳಲೇಬೇಕು. ಹೆಚ್ಚಾಗಿ ಬಳಸುವುದು ಹೈಲುರಾನಿಕ್ ಆಸಿಡ್ ಜೆಲ್. ನಮ್ಮ ಚರ್ಮದಲ್ಲೇ ಇರುವ, ನೀರು ಹಿಡಿದಿಡುವ ವಸ್ತು ಇದು. ಬೇಗ ಕರಗದಂತೆ ರಾಸಾಯನಿಕವಾಗಿ ಹೆಣೆದಿರುತ್ತಾರೆ. ಆರು ತಿಂಗಳಿಂದ ಒಂದೂವರೆ ವರ್ಷ ನಿಲ್ಲುತ್ತದೆ. ಇದರ ದೊಡ್ಡ ಗುಣ ಎಂದರೆ ಬೇಡವಾದರೆ ಕರಗಿಸಬಹುದು. ಹೈಲುರಾನಿಡೇಸ್ ಎಂಬ ಇಂಜೆಕ್ಷನ್ ಇದನ್ನು ಒಡೆದುಹಾಕುತ್ತದೆ. ಗಂಟು ಕಟ್ಟಿದರೂ, ನಾಳ ಕಟ್ಟಿದರೂ ಅದೇ ಮದ್ದು. 20,000 ರೂಪಾಯಿ ಫಿಲ್ಲರ್ ಹಾಕುವ ಕೋಣೆಯಲ್ಲಿ ಕೆಲವೇ ನೂರು ರೂಪಾಯಿಯ ಈ ಔಷಧಿ ಇರುವುದಿಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ. ‘ಬೇಕಾದರೆ ತರಿಸುತ್ತೇವೆ’ ಎನ್ನುವ ಉತ್ತರ ನಡೆಯುವುದಿಲ್ಲ. ಅಂದಹಾಗೆ, ಜೇನುಹುಳ ಅಥವಾ ಕಣಜ ಕಚ್ಚಿ ನಿಮಗೆ ಎಂದಾದರೂ ಮೈಯೆಲ್ಲ ಊದಿದ್ದರೆ, ಉಸಿರಾಟಕ್ಕೆ ತೊಂದರೆ ಆಗಿದ್ದರೆ ಮೊದಲೇ ಹೇಳಿ. ಅಂಥವರಿಗೆ ಹೈಲುರಾನಿಡೇಸ್‌ನಿಂದಲೂ ಅಲರ್ಜಿ ಆಗುವ ಸಾಧ್ಯತೆ ಇದೆ.

ಕ್ಯಾಲ್ಸಿಯಂ ಕಣಗಳಿರುವ ಫಿಲ್ಲರ್, ಕೊಲಾಜನ್ ಬೆಳೆಸುವ ಪಿಎಲ್‌ಎಲ್‌ಎ ಎಂಬ ಪುಡಿ, ಇವೂ ಇವೆ. ಇವುಗಳನ್ನು ಹೈಲುರಾನಿಡೇಸ್ ಕರಗಿಸುವುದಿಲ್ಲ. ಹಾಗಾಗಿ ಮೊದಲ ಸಲಕ್ಕೆ ನಾನು ಇವುಗಳ ಹತ್ತಿರ ಹೋಗುವುದಿಲ್ಲ.

‘ಜೀವನಪೂರ್ತಿ ಉಳಿಯುವುದು’ ಎಂದು ಅವರು ಹೇಳಿದ್ದು ಬಹುಶಃ ಪಿಎಂಎಂಎ ಕಣಗಳ ಫಿಲ್ಲರ್. ಪ್ಲಾಸ್ಟಿಕ್ ಜಾತಿಯ ಅತಿ ಸಣ್ಣ ಗೋಲಿಗಳನ್ನು ಹಸುವಿನ ಕೊಲಾಜನ್‌ನಲ್ಲಿ ಬೆರೆಸಿರುತ್ತಾರೆ. ಕೊಲಾಜನ್ ಕರಗಿಹೋಗುತ್ತದೆ, ಗೋಲಿಗಳು ಉಳಿಯುತ್ತವೆ. ಅವುಗಳ ಸುತ್ತ ನಮ್ಮದೇ ನಾರು ಬೆಳೆಯುತ್ತದೆ. ಬೆಲ್ಲಾಫಿಲ್ ಎಂಬ ಇಂಥ ಫಿಲ್ಲರ್‌ಗೆ 2014ರ ಕೊನೆಯಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಕೆನ್ನೆಯ ಮೇಲಿನ, ಎಳೆದರೆ ಹಿಗ್ಗುವ ಮೊಡವೆ ಗುಳಿಗಳಿಗೆ, 21 ದಾಟಿದವರಿಗೆ ಮಾತ್ರ. ಅದರ ಹಿಂದಿನ ಪ್ರಯೋಗದಲ್ಲಿ 147 ಜನ ಇದ್ದರು. ಆರು ತಿಂಗಳ ನಂತರ ಫಿಲ್ಲರ್ ಹಾಕಿದವರಲ್ಲಿ ನೂರಕ್ಕೆ 64 ಜನಕ್ಕೆ ಒಳ್ಳೆಯ ಫಲ ಸಿಕ್ಕಿತು. ಬರೀ ಉಪ್ಪುನೀರು ಚುಚ್ಚಿದವರಲ್ಲೂ ನೂರಕ್ಕೆ 33 ಜನಕ್ಕೆ ಸಿಕ್ಕಿತು. ಈ ಎರಡನೇ ಅಂಕಿಯನ್ನು ಜಾಹೀರಾತಿನಲ್ಲಿ ಯಾರೂ ಹಾಕುವುದಿಲ್ಲ. ಗುಳಿಯೊಳಗೆ ಸೂಜಿ ಆಡಿಸಿದ್ದಕ್ಕೇ ಒಂದಿಷ್ಟು ಗುಣ ಕಂಡಿರಬಹುದು ಎಂದು ನನಗೆ ಅನಿಸುತ್ತದೆ.

ನಿಮಗೆ ಇದು ಬೇಡ. ಕಾರಣ ನಿಮ್ಮ ಎದೆಯ ಮೇಲೇ ಇದೆ. ಮೊಡವೆಯ ಜಾಗ ಮೀರಿ ದಪ್ಪಗೆ ಬೆಳೆದು ಕೆರೆಯುವ ಗಂಟು ಕೆಲಾಯ್ಡ್ ಇರಬಹುದು. ಗಾಯಕ್ಕೆ ನಾರು ಅತಿಯಾಗಿ ಬೆಳೆಸುವ ಮೈಗುಣ ಅದು. ಅಂಥವರಿಗೆ ಪಿಎಂಎಂಎ ಫಿಲ್ಲರ್ ಹಾಕಬಾರದು ಎಂದು ತಯಾರಕರೇ ಬರೆದಿದ್ದಾರೆ. ಹೈಲುರಾನಿಕ್ ಫಿಲ್ಲರ್‌ಗಳ ಕಾಗದದಲ್ಲೂ, ಕೆಲಾಯ್ಡ್ ಗುಣದವರಲ್ಲಿ ಸುರಕ್ಷತೆ ಪರೀಕ್ಷಿಸಿಲ್ಲ ಎಂಬ ಮಾತಿರುತ್ತದೆ. ಕೆನ್ನೆಯ ನಡುಭಾಗದಲ್ಲಿ ಕೆಲಾಯ್ಡ್ ಬರುವುದು ಅಪರೂಪ. ಹಾಗಾಗಿ ಸಬ್‌ಸಿಶನ್, ಕರಗುವ ಫಿಲ್ಲರ್ ಎರಡೂ ನಿಮಗೆ ಮುಚ್ಚಿದ ಬಾಗಿಲಲ್ಲ. ಆದರೆ ಕ್ಲಿನಿಕ್‌ನಲ್ಲಿ ಅಂಗಿ ತೆಗೆದು ಎದೆ ತೋರಿಸಿ. ದವಡೆಯ ಅಂಚಿನಲ್ಲಿ ಗುಳಿಗಳಿದ್ದರೆ ಒಂದು ಕಡೆ ಸಣ್ಣ ಜಾಗದಲ್ಲಿ ಮಾಡಿ, ಎರಡು ಮೂರು ತಿಂಗಳು ಕಾದು ನೋಡಿ ಮುಂದುವರಿಯಲು ಹೇಳಿ.

ಶಾಶ್ವತ ಎನ್ನುವುದು ಕೇಳಲು ಹಿತವಾಗಿರುತ್ತದೆ. ಆದರೆ ಈ ಕ್ಷೇತ್ರದ ಇತಿಹಾಸದಲ್ಲಿ ಆ ಮಾತಿಗೆ ಒಳ್ಳೆಯ ಹೆಸರಿಲ್ಲ. 1893ರಲ್ಲಿ ಜರ್ಮನಿಯ ಸರ್ಜನ್ ನ್ಯೂಬರ್ ತೋಳಿನ ಕೊಬ್ಬು ತೆಗೆದು ಮುಖದ ತಗ್ಗಾದ ಗಾಯದ ಗುರುತಿಗೆ ತುಂಬಿದರು. ಅದು ಗುರುತಿನ ಚಿಕಿತ್ಸೆಗಾಗಿಯೇ ಶುರುವಾದ ವಿದ್ಯೆ. 1899ರ ಹೊತ್ತಿಗೆ ವಿಯೆನ್ನಾದಲ್ಲಿ ಗೆರ್ಸುನಿ ಪ್ಯಾರಾಫಿನ್ ಮೇಣ ಚುಚ್ಚಲು ಆರಂಭಿಸಿದರು. ಅಗ್ಗ, ಸುಲಭ, ಶಾಶ್ವತ. ಕೆಲವು ವರ್ಷಗಳಲ್ಲಿ ಮುಖಗಳಲ್ಲಿ ಗಡ್ಡೆಗಳು ಎದ್ದವು, ಮೇಣ ಜಾರಿ ಬೇರೆಡೆ ಸೇರಿತು, ನಾಳ ಕಟ್ಟಿತು. ದ್ರವ ಸಿಲಿಕೋನ್‌ನಲ್ಲೂ ಇಂಥದ್ದೇ ಕಥೆ ಆಯಿತು. ಮುಖ ವಯಸ್ಸಾದಂತೆ ಬದಲಾಗುತ್ತದೆ, ಕೆನ್ನೆ ಇಳಿಯುತ್ತದೆ. ಒಳಗೆ ಹಾಕಿದ್ದು ಬದಲಾಗುವುದಿಲ್ಲ. ತೊಂದರೆ ಕೊಟ್ಟರೆ ಕತ್ತರಿಸಿ ತೆಗೆಯುವುದೊಂದೇ ದಾರಿ, ಆಗ ಹೊಸ ಗುರುತು.

ಕೆನ್ನೆಗೆ ಕರಗುವ ಫಿಲ್ಲರ್ ಹಾಕಿಸಿಕೊಂಡರೆ ಏನೇನು ಆಗಬಹುದು? ಊತ, ನೋವು, ನೀಲಿಗಟ್ಟುವುದು ಬಹಳ ಜನರಿಗೆ ಆಗುತ್ತದೆ, ವಾರದಲ್ಲಿ ಇಳಿಯುತ್ತದೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಜಾಸ್ತಿ. ಹಾಗೆಂದು ಹೃದಯದ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಜೆಲ್ ತೀರಾ ಮೇಲಿನ ಪದರಕ್ಕೆ ಬಿದ್ದರೆ ಚರ್ಮದಡಿ ತಿಳಿ ನೀಲಿ ಛಾಯೆ ಕಾಣುತ್ತದೆ. ಗುಳಿಗಳಲ್ಲಿ ಇದು ಸುಲಭವಾಗಿ ಆಗುವ ತಪ್ಪು, ಏಕೆಂದರೆ ಮೇಲೆ ಹಾಕಿದಷ್ಟೂ ಗುಳಿ ಬೇಗ ಏಳುತ್ತದೆ. ತುಟಿಯ ಮೇಲೆ ಜ್ವರದ ಗುಳ್ಳೆ ಏಳುವ ಅಭ್ಯಾಸ ಇದ್ದವರಿಗೆ ಅದು ಮತ್ತೆ ಏಳಬಹುದು, ಮೊದಲೇ ಹೇಳಿದರೆ ಮಾತ್ರೆ ಕೊಡುತ್ತಾರೆ. ನಮ್ಮ ಕಂದು ಚರ್ಮದಲ್ಲಿ ಚುಚ್ಚಿದ ಕಡೆಯೆಲ್ಲ ಕಪ್ಪು ಚುಕ್ಕೆ ಉಳಿಯುವ ತೊಂದರೆ ಇದ್ದೇ ಇದೆ. ಅದು ಹೋಗಲು ತಿಂಗಳುಗಳು ಬೇಕು.

ತಿಂಗಳುಗಳು ಕಳೆದಮೇಲೆ ಬರುವ ಗಂಟುಗಳು ಇನ್ನೊಂದು ಬಗೆ. ಚುಚ್ಚುವಾಗ ಒಳಹೋದ ಸೂಕ್ಷ್ಮಜೀವಿಗಳು ಜೆಲ್ ಸುತ್ತ ಪದರ ಕಟ್ಟಿಕೊಂಡು ಸುಮ್ನೆ ಕೂತಿರುತ್ತವೆ. ಹಲ್ಲಿನ ಚಿಕಿತ್ಸೆ, ಜ್ವರ, ಸೈನಸ್ ಸೋಂಕು ಏನಾದರೂ ಬಂದಾಗ ಎದ್ದು ಕೆಂಪಗೆ ಊದುತ್ತವೆ. 2020ರಲ್ಲಿ ಮಾಡರ್ನಾ ಕೋವಿಡ್ ಲಸಿಕೆಯ ಪ್ರಯೋಗದಲ್ಲೂ ಫಿಲ್ಲರ್ ಹಾಕಿಸಿಕೊಂಡಿದ್ದ ಮೂವರಿಗೆ ಊತ ಬಂದದ್ದು ದಾಖಲಾಗಿದೆ, ಚಿಕಿತ್ಸೆಯಿಂದ ಇಳಿಯಿತು. ಮುಖದಲ್ಲಿ ಇನ್ನೂ ಕೀವಿನ ಮೊಡವೆ ಏಳುತ್ತಿದ್ದರೆ ಫಿಲ್ಲರ್ ಹಾಕಿಸಬಾರದು ಎನ್ನುವುದು ಇದಕ್ಕೇ. ನಿಮ್ಮ ಮೊಡವೆ ನಿಂತಿದೆ, ಅದು ಒಳ್ಳೆಯದೇ.

ಎಲ್ಲಕ್ಕಿಂತ ಮುಖ್ಯವಾದದ್ದು ಹಾಕಿದ ದಿನ ಮತ್ತು ಮರುದಿನ. ಕೆನ್ನೆಯಲ್ಲೂ ನಾಳ ಕಟ್ಟಬಹುದು. ಚುಚ್ಚಿದ ಜಾಗ ತಟ್ಟನೆ ಬಿಳಿಚಿಕೊಂಡರೆ, ಬಲೆ ಬಿಡಿಸಿದ ಹಾಗೆ ಕೆಂಪು-ನೇರಳೆ ಗೆರೆಗಳು ಮೂಡಿದರೆ, ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಬೇಗ ಮರಳದಿದ್ದರೆ, ಹೊತ್ತು ಹೋದಂತೆ ನೋವು ಏರುತ್ತಿದ್ದರೆ, ಅದು ಸಾಮಾನ್ಯ ಊತ ಅಲ್ಲ. ಜೆಲ್ ಜೊತೆಗೇ ಮರಗಟ್ಟಿಸುವ ಲಿಡೋಕೇಯ್ನ್ ಬೆರೆಸಿರುತ್ತಾರೆ, ಆದ್ದರಿಂದ ಮೊದಲ ಗಂಟೆಗಳಲ್ಲಿ ನೋವು ಗೊತ್ತಾಗದೆಯೂ ಇರಬಹುದು. ಬಣ್ಣ ನೋಡಿ. ಅನುಮಾನ ಬಂದ ತಕ್ಷಣ ಫೋನ್ ಮಾಡಿ, ಫೋಟೋ ಕಳಿಸಿ, ವಾಪಸ್ ಹೋಗಿ. ಬೆಳಗ್ಗೆ ನೋಡೋಣ ಎಂದು ಮಲಗಬೇಡಿ. ಐಸ್ ಇಡಬೇಡಿ, ನಾಳ ಇನ್ನೂ ಕುಗ್ಗುತ್ತದೆ. ಕಣ್ಣು ಮಂಜಾದರೆ, ಎರಡೆರಡು ಕಂಡರೆ, ಮಾತು ತೊದಲಿದರೆ ನೇರ ಕಣ್ಣಿನ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ. ನೀವು ತುಮಕೂರಿನವರು. ಬೆಂಗಳೂರಿನಲ್ಲಿ ಸಂಜೆ ಏಳಕ್ಕೆ ಹಾಕಿಸಿಕೊಂಡು ರಾತ್ರಿ ಬಸ್ ಹತ್ತುವ ಯೋಜನೆ ಬೇಡ. ಬೆಳಗ್ಗೆ ಹಾಕಿಸಿಕೊಳ್ಳಿ, ಆ ರಾತ್ರಿ ಕ್ಲಿನಿಕ್‌ಗೆ ಹತ್ತಿರದಲ್ಲೇ ಉಳಿಯಿರಿ, ಡಾಕ್ಟರ ಮೊಬೈಲ್ ನಂಬರ್ ಇಟ್ಟುಕೊಳ್ಳಿ.

ಪಾರ್ಲರಿನ ಪೆನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೂಜಿ ಇಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ಅದು ಗಾಳಿಯ ಒತ್ತಡದಿಂದ ಜೆಲ್ಲನ್ನು ಚರ್ಮದೊಳಗೆ ಹೊಡೆಯುತ್ತದೆ. ಎಷ್ಟು ಆಳಕ್ಕೆ ಹೋಯಿತು, ಎಲ್ಲಿಗೆ ಹೋಯಿತು ಎಂದು ಹಿಡಿದವರಿಗೂ ಗೊತ್ತಾಗುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಇಂಥ ಪೆನ್‌ಗಳನ್ನು ಬಳಸಬೇಡಿ ಎಂದು ನೇರವಾಗಿ ಹೇಳಿದೆ. ಜೊತೆಗೆ 8,000ಕ್ಕೆ ಸಿಗುವ ಆ ಜೆಲ್ ಯಾವುದು, ಎಲ್ಲಿಂದ ಬಂತು ಎನ್ನುವುದಕ್ಕೂ ಉತ್ತರ ಸಿಗುವುದಿಲ್ಲ.

ಇನ್ನು ಹಣದ ಮಾತು. ಬೆಂಗಳೂರಿನಲ್ಲಿ ಒಳ್ಳೆಯ ಕಂಪನಿಯ ಹೈಲುರಾನಿಕ್ ಫಿಲ್ಲರ್ ಒಂದು ಸಿರಿಂಜ್‌ಗೆ ಅಂದಾಜು 15,000ದಿಂದ 35,000 ರೂಪಾಯಿ ಇದೆ. ನಿಮಗೆ ಹೇಳಿದ 30,000 ಅದರೊಳಗೇ ಬರುತ್ತದೆ, ಹಾಗಾಗಿ ದರ ಮೋಸ ಎನ್ನಲಾರೆ. ಮೋಸ ಆಗುವುದು ಲೆಕ್ಕ ಹಾಕುವ ರೀತಿಯಲ್ಲಿ. ಇದು ಒಂದು ಸಲದ ಖರ್ಚಲ್ಲ. ವರ್ಷಕ್ಕೆ ಎರಡು ಸಿರಿಂಜ್‌ನಂತೆ ಮೂರು ವರ್ಷ ಹಾಕಿಸಿದರೂ 1,80,000 ರೂಪಾಯಿ. ಅದರ ಮೇಲೆ ಜಿಎಸ್‌ಟಿ. ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಗೆ ಆಸ್ಪತ್ರೆಯ ಉಳಿದ ಸೇವೆಗಳಿಗೆ ಇರುವ ವಿನಾಯಿತಿ ಇಲ್ಲ. ಗಾಯ, ಅಪಘಾತದಿಂದ ಆದ ವಿಕಾರ ಸರಿಪಡಿಸುವುದಕ್ಕೆ ವಿನಾಯಿತಿ ಉಂಟು. ನಿಮ್ಮ ಹುಬ್ಬಿನ ಗುರುತಿನ ಸರ್ಜರಿ ಆ ಲೆಕ್ಕಕ್ಕೆ ಬರಬಹುದು, ಬಿಲ್ ಬೇರೆ ಮಾಡಿಸಿ. 90,000ದಲ್ಲಿ ತೆರಿಗೆ ಸೇರಿದೆಯೇ, ಮುಂದಿನ ಭೇಟಿಗಳ ಫೀಸ್ ಸೇರಿದೆಯೇ, ಗಂಟು ಬಂದರೆ ಕರಗಿಸುವ ಖರ್ಚು ಯಾರದ್ದು, ಇವನ್ನೆಲ್ಲ ಕಾಗದದ ಮೇಲೆ ಬರೆಸಿಕೊಳ್ಳಿ.

ಆರೋಗ್ಯ ವಿಮೆಯ ಆಸೆ ಇಟ್ಟುಕೊಳ್ಳಬೇಡಿ. ಎಲ್ಲ ಪಾಲಿಸಿಗಳಲ್ಲೂ ಸೌಂದರ್ಯ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಇದೆ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಸರ್ಜರಿಗೆ ಮಾತ್ರ ವಿನಾಯಿತಿ ಸಿಗಬಹುದು. ಮೊಡವೆ ಗುಳಿಗೆ ಸಿಗುವುದಿಲ್ಲ.

ಬಡ್ಡಿ ಇಲ್ಲದ ಇಎಂಐ ಎನ್ನುವುದನ್ನು ನಂಬಬೇಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಸಂಸ್ಕರಣಾ ಶುಲ್ಕದಲ್ಲೋ, ನಗದು ಕೊಟ್ಟರೆ ಸಿಗಬೇಕಿದ್ದ ರಿಯಾಯಿತಿಯಲ್ಲೋ ಅಡಗಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಸಾಲ ಕೊಡುವುದು ಫೈನಾನ್ಸ್ ಕಂಪನಿ. ಮೊದಲ ಸಲ ಮಾಡಿಸಿದ ಮೇಲೆ ಬೇಡ ಅನಿಸಿ ನಿಲ್ಲಿಸಿದರೂ ಕಂತು ನಿಲ್ಲುವುದಿಲ್ಲ. ಚಿಕಿತ್ಸೆ ನಡೆದಂತೆ ಒಂದೊಂದು ಸಲಕ್ಕೆ ಹಣ ಕೊಡಿ. ಪ್ಯಾಕೇಜ್ ಬೇಡ.

ಸಬ್‌ಸಿಶನ್‌ಗೆ ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದು ಸಲಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಟಿಸಿಎ ಕ್ರಾಸ್ ಇನ್ನೂ ಕಡಿಮೆ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮ ವಿಭಾಗಗಳಲ್ಲಿ ಈ ಎರಡನ್ನೂ ಬಹಳ ಅಗ್ಗಕ್ಕೆ ಮಾಡುತ್ತಾರೆ. ಕಾಯಬೇಕಾಗುತ್ತದೆ, ಎಸಿ ಇರುವುದಿಲ್ಲ. ಆದರೆ ಸಂಕೋಚ ಬೇಡ. ಅಲ್ಲಿ ದಿನವೂ ಈ ಕೆಲಸ ನಡೆಯುತ್ತದೆ, ಹಿರಿಯರು ಪಕ್ಕದಲ್ಲೇ ಇರುತ್ತಾರೆ, ಮತ್ತು ನಿಮಗೆ ಸಿರಿಂಜ್ ಮಾರುವ ಅಗತ್ಯ ಅಲ್ಲಿ ಯಾರಿಗೂ ಇಲ್ಲ.

ಖಾಸಗಿ ಕಡೆಗೇ ಹೋಗುವುದಾದರೆ ಸೂಜಿ ಹಿಡಿಯುವವರು ಯಾರು ಎಂದು ಹೆಸರು ಕೇಳಿ. ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಇರಬೇಕು. ‘ಕಾಸ್ಮೆಟಾಲಜಿಸ್ಟ್’ ಎಂಬ ಬೋರ್ಡ್ ನೋಡಿ ಸಮಾಧಾನ ಪಡಬೇಡಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲಿ ಅಂಥ ತಜ್ಞ ಪದವಿ ಇಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು. ಕ್ಲಿನಿಕ್‌ಗೂ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಬೇಕು, ಅದನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಿರಬೇಕು. ಫಿಲ್ಲರ್ ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತದೆ. ಪೆಟ್ಟಿಗೆಯನ್ನು ನಿಮ್ಮ ಎದುರೇ ಒಡೆಯಲು ಹೇಳಿ. ಆಮದುದಾರರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನೋಡಿ. ಒಳಗಿರುವ ಸ್ಟಿಕ್ಕರ್ ಒಂದನ್ನು ನಿಮ್ಮ ಫೈಲಿಗೆ ಅಂಟಿಸಿಕೊಳ್ಳಿ. ನಾಳೆ ಬೇರೆ ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದರೆ ಒಳಗೆ ಏನಿದೆ ಎಂದು ಅವರಿಗೆ ಗೊತ್ತಾಗುವುದು ಅದರಿಂದಲೇ. ಒಂದೇ ಸಿರಿಂಜ್ ಇಬ್ಬರಿಗೆ ಹಂಚುವುದು, ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ತಿಂಗಳು ಹಾಕುವುದು, ಇವಕ್ಕೆ ಒಪ್ಪಬೇಡಿ.

ನಿಮ್ಮ ಜಾಗದಲ್ಲಿ ನನ್ನ ತಮ್ಮ ಇದ್ದಿದ್ದರೆ ಹೀಗೆ ಹೇಳುತ್ತಿದ್ದೆ. ಈ ತಿಂಗಳು ಎದೆಯ ಗಂಟನ್ನು ತೋರಿಸು. ಕೆಲಾಯ್ಡ್ ಆಗಿದ್ದರೆ ಅದರೊಳಗೆ ಟ್ರೈಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ತಿಂಗಳಿಗೊಂದರಂತೆ ಕೆಲವು ಸಲ. ಕೆರೆತ ಬೇಗ ನಿಲ್ಲುತ್ತದೆ, ಗಂಟು ನಿಧಾನವಾಗಿ ಇಳಿಯುತ್ತದೆ. ಅದನ್ನು ಕತ್ತರಿಸಿ ಮಾತ್ರ ತೆಗೆಸಬೇಡ, ಇನ್ನೂ ದೊಡ್ಡದಾಗಿ ಬರುವ ಸಾಧ್ಯತೆ ಇದೆ. ಕೆನ್ನೆಗೆ ಕಾಲೇಜಿನ ರಜೆ ನೋಡಿಕೊಂಡು ಮೊದಲ ಸಬ್‌ಸಿಶನ್ ಮಾಡಿಸು, ಜೊತೆಗೆ ಕಿರಿದಾದ ತೂತುಗಳಿಗೆ ಟಿಸಿಎ ಕ್ರಾಸ್. ಇಂದಿನಿಂದಲೇ ದಿನವೂ ಸನ್‌ಸ್ಕ್ರೀನ್ ಹಚ್ಚು. ಮೊದಲೊಂದು ಫೋಟೋ ತೆಗೆದಿಡು, ಆಮೇಲೆ ಎರಡು ತಿಂಗಳಿಗೊಮ್ಮೆ ಅದೇ ಕೋಣೆ, ಅದೇ ಬೆಳಕು, ಅದೇ ಕೋನದಲ್ಲಿ ತೆಗೆ. ಎರಡು ಮೂರು ಸಲ ಆದಮೇಲೂ ಕಣ್ಣಿಗೆ ಚುಚ್ಚುವ ತಗ್ಗು ಉಳಿದಿದ್ದರೆ, ಆಗ ಒಂದೇ ಒಂದು ಸಿರಿಂಜ್ ಕರಗುವ ಫಿಲ್ಲರ್, ಕೆನ್ನೆಗೆ ಮಾತ್ರ.

ಗುಳಿಗಳು ಪೂರ್ತಿ ಹೋಗುತ್ತವೆ ಎಂದು ನಾನು ಹೇಳಲಾರೆ, ಯಾರೂ ಹೇಳಬಾರದು. ಚೆನ್ನಾಗಿ ಮಾಡಿದರೆ ಅರ್ಧದಷ್ಟು ಕಡಿಮೆಯಾಗುವುದು ನಿರೀಕ್ಷಿಸಬಹುದಾದ ಫಲ. ಟ್ಯೂಬ್‌ಲೈಟ್ ಕೆಳಗೆ ನೆರಳು ಬೀಳಲು ಕಾರಣ ಆಳ. ಆಳ ಅರ್ಧವಾದರೆ ಕೊನೇ ಬೆಂಚಿನವರೆಗೆ ಅದು ಕಾಣುವುದಿಲ್ಲ. ಮೊದಲ ಭೇಟಿಗೆ ಹೋಗುವಾಗ ಕ್ಲಿನಿಕ್‌ನವರು ಕೊಟ್ಟ ಆ 90,000ದ ಚೀಟಿಯನ್ನೂ ತೆಗೆದುಕೊಂಡು ಹೋಗಿ, ಅದರಲ್ಲಿ ಬರೆದ ಫಿಲ್ಲರ್‌ನ ಹೆಸರನ್ನು ಹೊಸ ಡಾಕ್ಟರಿಗೆ ತೋರಿಸಿ ಕೇಳಿ.